ರೇಡಿಯೋ ಕಟ್ ಆದ್ಮೇಲೆ ಉಳಿಯೋ 15 ಸೆಕೆಂಡು

2024ರ ಫೆಬ್ರವರಿ 12, ಸೋಮವಾರ, ಬೆಳಗ್ಗೆ ಆರು ಗಂಟೆ ಹತ್ರ ಇರ್ಬೇಕು. ನಮ್ಮನೇಲಿ ಇನ್ನೂ ಹಾಲು ಕಾದಿರ್ಲಿಲ್ಲ, ಅಲ್ಲಿ ಲಾಸ್ ವೇಗಸ್‌ನಲ್ಲಿ ಭಾನುವಾರ ಸಾಯಂಕಾಲ, ಸೂಪರ್ ಬೌಲ್ ಮ್ಯಾಚು, ಅಂದ್ರೆ ಅಮೆರಿಕನ್ ಫುಟ್‌ಬಾಲ್ ಫೈನಲ್. ಕ್ಯಾನ್ಸಸ್ ಸಿಟಿ ಚೀಫ್ಸ್‌ನವರು ಒಂದು ಉದ್ದದ ಪಾಸ್ ಹಾಕಿ ಗೋಲ್ ಗೆರೆಗೆ ಬರೀ 9 ಗಜ ದೂರದಲ್ಲಿ ನಿಂತಿದ್ರು, ಮುಂದಿನ ಆಟದಲ್ಲೇ ಇಸಾಯಾ ಪಚೆಕೊ ಕೈಯಿಂದ ಬಾಲ್ ಜಾರಿ ಎದುರಾಳಿ ಪಾಲಾಯ್ತು. ಕ್ಯಾಮೆರಾ ಸೈಡ್‌ಲೈನ್ ಕಡೆ ತಿರುಗಿದ್ರೆ ಅಲ್ಲಿ ಇನ್ನೊಂದು ಮ್ಯಾಚ್ ಶುರುವಾಗಿತ್ತು. ಚೀಫ್ಸ್‌ನ ದೊಡ್ಡ ಸ್ಟಾರ್ ಟ್ರಾವಿಸ್ ಕೆಲ್ಸಿ, ಆರೂವರೆ ಅಡಿ ಹತ್ರ ಇರೋ ಆಳು, ಸೀದಾ ಕೋಚ್ ಆಂಡಿ ರೀಡ್ ಮೈಮೇಲೆ ಹೋಗಿ ಭುಜ ತಗುಲಿಸಿ ಮುಖಕ್ಕೆ ಮುಖ ಇಟ್ಟು ಕಿರುಚ್ತಿದಾನೆ. ರೀಡ್‌ಗೆ ಆಗ 65 ವರ್ಷ, ಪಾಪ ತೂಕ ತಪ್ಪಿ ವಾಲಿಬಿಟ್ರು, ಇನ್ನೊಬ್ಬ ಆಟಗಾರ ಬಂದು ಕೆಲ್ಸಿನ ಎಳ್ಕೊಂಡು ಹೋದ.

ಯಾಕೆ ಅಷ್ಟು ಸಿಟ್ಟು ಅಂದ್ರೆ, ಬಾಲ್ ಜಾರಿದ ಆ ಒಂದು ಆಟಕ್ಕೆ ಕೆಲ್ಸಿನ ಹೊರಗೆ ನಿಲ್ಲಿಸಿದ್ರು.

ದುಡ್ಡು ಜಾಸ್ತಿ ಆದ್ರೆ ಹೀಗೇ, ತಲೆ ನಿಲ್ಲಲ್ಲ ಅಂತ ನನ್ ತಮ್ಮಂಗೆ ಮೆಸೇಜ್ ಹಾಕಿದ್ದೆ. ಎಲ್ರೂ ಹಂಗೇ ಅಂದ್ರು, ಈಗೋ, ದುರಹಂಕಾರ, ಬೆಳೆಸಿದ ರೀತಿ ಸರಿ ಇಲ್ಲ ಅಂತೆಲ್ಲ. ಆಮೇಲೆ ಈ ಆಟದ ಒಳಗಿನ ಮೆಷಿನರಿ ಹೇಗೆ ಕೆಲಸ ಮಾಡುತ್ತೆ ಅಂತ ಓದ್ತಾ ಹೋದಂಗೆ ನಾನು ಸ್ವಲ್ಪ ಮೆತ್ತಗಾದೆ. ಕೆಲ್ಸಿ ಮಾಡಿದ್ದು ತಪ್ಪೇ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕೋಚ್‌ಗೂ ಸ್ಟಾರ್‌ಗೂ ಜಗಳ ಬರೋದು ಬರೀ ಸ್ವಭಾವದಿಂದ ಅಲ್ಲ, ಆ ಆಟದ ಡಿಸೈನ್‌ನಲ್ಲೇ ಜಗಳಕ್ಕೆ ಒಂದು ಜಾಗ ಬಿಟ್ಟಿದಾರೆ. ಗಡಿಯಾರ ಇಟ್ಟು ಅಳತೆ ಮಾಡಿ ತೋರಿಸಬಹುದು ಆ ಜಾಗನ.

ಕ್ರಿಕೆಟ್‌ನಲ್ಲಿ ಓವರ್ ಶುರುವಾದ್ಮೇಲೆ ಕೋಚ್ ಕೂಡ ನಮ್ಮ ಹಾಗೇ ಪ್ರೇಕ್ಷಕ. ಬೌಲರ್ ಯಾರು, ಸ್ಲಿಪ್ ಬೇಕಾ ಬೇಡ್ವಾ, ಎಲ್ಲ ಕ್ಯಾಪ್ಟನ್ ಇಷ್ಟ. ಇಲ್ಲಿ ಹಂಗಲ್ಲ. 10 ಗಜ ಮುಂದೆ ಹೋಗೋಕೆ ನಾಲ್ಕು ಚಾನ್ಸು, ಅದಕ್ಕೆ ಡೌನ್ ಅಂತಾರೆ, ಪ್ರತಿಯೊಂದು ಡೌನ್‌ಗೂ ಯಾವ ಆಟ ಆಡಬೇಕು ಅಂತ ಕೋಚ್ ಕಡೆಯಿಂದ ಆರ್ಡರ್ ಬರಬೇಕು. ಹೇಗೆ ಬರುತ್ತೆ? ಪಾಸ್ ಎಸೆದು ಟೀಮ್‌ನ ಅಟ್ಯಾಕ್ ನಡೆಸೋನಿಗೆ ಕ್ವಾರ್ಟರ್‌ಬ್ಯಾಕ್ ಅಂತಾರೆ, ಅವನ ಹೆಲ್ಮೆಟ್ ಒಳಗೆ ಪುಟ್ಟ ಸ್ಪೀಕರ್ ಇರುತ್ತೆ, ಅಂಥ ಹೆಲ್ಮೆಟ್ ಹಿಂದ್ಗಡೆ ಒಂದು ಹಸಿರು ಚುಕ್ಕೆ ಅಂಟಿಸಿರ್ತಾರೆ, ಮುಂದಿನ ಸಲ ಮ್ಯಾಚ್ ನೋಡಿದ್ರೆ ಗಮನಿಸಿ. 1994ರಿಂದ ಈ ವ್ಯವಸ್ಥೆ ಇದೆ. ಕೋಚು ದೊಡ್ಡ ಮೆನು ಕಾರ್ಡ್ ಥರದ ಲ್ಯಾಮಿನೇಟೆಡ್ ಶೀಟನ್ನ ಬಾಯಿಗೆ ಅಡ್ಡ ಹಿಡ್ಕೊಂಡು, ಎದುರಾಳಿ ತುಟಿ ಓದಬಾರ್ದು ಅಂತ, ಮೈಕ್‌ನಲ್ಲಿ ಆಟದ ಹೆಸರು ಹೇಳ್ತಾರೆ. ‘ಸ್ಪೈಡರ್ 2 ವೈ ಬನಾನಾ’ ಅನ್ನೋದು ಅಂಥ ಒಂದು ಹೆಸರು, ಇದು ಚಿಕ್ಕದು, ಕೆಲವು ಹೆಸರು ರೈಲ್ವೆ ಅನೌನ್ಸ್‌ಮೆಂಟ್‌ನಷ್ಟು ಉದ್ದ ಇರ್ತವೆ.

ಒಂದು ಆಟ ಮುಗಿದ್ಮೇಲೆ ಮುಂದಿನದು ಶುರು ಮಾಡೋಕೆ 40 ಸೆಕೆಂಡ್ ಟೈಮು. ಗಡಿಯಾರ ಇಳೀತಾ ಇಳೀತಾ 15ಕ್ಕೆ ಬಂದ ತಕ್ಷಣ ರೇಡಿಯೋ ತಾನಾಗೇ ಬಂದ್. ಕೋಚ್ ಬಾಯಿ ಅಲ್ಲಾಡಿಸ್ತಾ ಇರ್ಬೋದು, ಹೆಲ್ಮೆಟ್ ಒಳಗೆ ಏನೂ ಕೇಳ್ಸಲ್ಲ. ಕೋಚ್‌ಗೆ 25 ಸೆಕೆಂಡು, ಕ್ವಾರ್ಟರ್‌ಬ್ಯಾಕ್‌ಗೆ 15 ಸೆಕೆಂಡು, ಅಷ್ಟೇ ಹಂಚಿಕೆ.

ಆ 15 ಸೆಕೆಂಡ್‌ನಲ್ಲಿ ಆಗೋದೆಲ್ಲ ಕೋಚ್‌ಗೆ ಗೊತ್ತಿಲ್ಲದ ಹೊಸ ಮಾಹಿತಿ. ಎದುರಾಳಿ ಆಟಗಾರರು ಜಾಗ ಬದಲಾಯಿಸ್ತಾರೆ, ಒಬ್ಬ ಮುಂದೆ ನುಗ್ಗೋ ಥರ ನಾಟಕ ಮಾಡ್ತಾನೆ, ಇನ್ನೊಬ್ಬ ಹಿಂದೆ ಸರೀತಾನೆ. ಅದನ್ನೆಲ್ಲ ನೇರ ಎದುರಿಗೆ ನಿಂತು ನೋಡೋನು ಕ್ವಾರ್ಟರ್‌ಬ್ಯಾಕ್, ಕೋಚ್ ನೋಡೋದು ಪಕ್ಕದಿಂದ. ಕೋಚ್ ಹೇಳಿದ ಆಟ ಇಲ್ಲಿ ನಡೆಯಲ್ಲ ಅನ್ಸಿದ್ರೆ ಅವ್ನು ಆಟ ಶುರುವಾಗೋ ಗೆರೆ ಮೇಲೆ ನಿಂತೇ ಕೂಗಿ ಬದಲಾಯಿಸಬಹುದು, ಇದಕ್ಕೆ ಆಡಿಬಲ್ ಅಂತಾರೆ. ಹಳೇ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ‘ಒಮಾಹಾ ಒಮಾಹಾ’ ಅಂತ ಕೂಗ್ತಿದ್ದಿದ್ದು ಗೆರೆ ಮೇಲಿನ ಇಂಥ ಸಂಕೇತಗಳಲ್ಲಿ ಒಂದು. ಅಂದ್ರೆ ಒಂದೇ ನಿರ್ಧಾರನ ಎರಡು ತಲೆಗೆ ಹಂಚಿದಾರೆ, ವಾರವೆಲ್ಲ ವಿಡಿಯೋ ನೋಡಿ ಪ್ಲಾನ್ ಮಾಡಿದ ತಲೆ ಒಂದು, ಕಣ್ಣೆದುರಿಗೆ ಏನಾಗ್ತಿದೆ ಅಂತ ಕಂಡಿರೋ ತಲೆ ಇನ್ನೊಂದು. ಇಬ್ಬರ ಹತ್ರನೂ ಇನ್ನೊಬ್ಬರಿಗಿಲ್ಲದ ಮಾಹಿತಿ ಇದೆ, ಇಬ್ಬರಿಗೂ ತಾನೇ ಸರಿ ಅನ್ನೋಕೆ ನ್ಯಾಯವಾದ ಕಾರಣ ಇದೆ. ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ.

ಗ್ರೀನ್ ಬೇ ಪ್ಯಾಕರ್ಸ್‌ನಲ್ಲಿ ಆಗಿದ್ದು ಇದೇ. ಕ್ವಾರ್ಟರ್‌ಬ್ಯಾಕ್ ಆರನ್ ರಾಡ್ಜರ್ಸ್ ಮತ್ತೆ ಕೋಚ್ ಮೈಕ್ ಮೆಕಾರ್ಥಿ ಸೇರಿ 2011ರ ಫೆಬ್ರವರೀಲಿ ಸೂಪರ್ ಬೌಲ್ ಗೆದ್ದೋರು. ಆದ್ರೆ ವರ್ಷಗಳು ಕಳೆದಂಗೆ ಕೋಚ್ ಕಳಿಸೋ ಆಟ ಒಂದು, ರಾಡ್ಜರ್ಸ್ ಗೆರೆ ಮೇಲೆ ಆಡ್ಸೋದು ಇನ್ನೊಂದು ಅನ್ನೋ ಮಾತು ಜಾಸ್ತಿ ಆಗ್ತಾ ಹೋಯ್ತು. 2018ರಲ್ಲಿ ಬಫಲೋ ಟೀಮ್‌ನ 22-0 ಅಂತ ಸೋಲಿಸಿದ ದಿನವೂ ರಾಡ್ಜರ್ಸ್ ಪ್ರೆಸ್ ಮುಂದೆ ಬಂದು ನಮ್ಮ ಅಟ್ಯಾಕ್ ಕೆಟ್ಟದಾಗಿತ್ತು ಅಂದ. ಗೆದ್ದ ದಿನ! ಅದೇ ಡಿಸೆಂಬರ್ 2ಕ್ಕೆ ಮೆಕಾರ್ಥಿ ಕೆಲಸ ಹೋಯ್ತು. ಇದಕ್ಕೊಂದು ಹಳೇ ಲೆಕ್ಕ ಬೇರೆ ಇದೆ, 2005ರ ಡ್ರಾಫ್ಟ್‌ನಲ್ಲಿ, ಅಂದ್ರೆ ಟೀಮ್‌ಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸ್ಕೊಳ್ಳೋವಾಗ, ರಾಡ್ಜರ್ಸ್‌ನ ಬಿಟ್ಟು ಅಲೆಕ್ಸ್ ಸ್ಮಿತ್‌ನ ಮೊದಲನೇ ಆಯ್ಕೆ ಮಾಡಿದ ಸ್ಯಾನ್ ಫ್ರಾನ್ಸಿಸ್ಕೊ ಟೀಮ್‌ನಲ್ಲಿ ಆಗ ಇದೇ ಮೆಕಾರ್ಥಿ ಸಹಾಯಕ ಕೋಚ್ ಆಗಿದ್ರು. ರಾಡ್ಜರ್ಸ್ ಹೋಗಿದ್ದು 24ನೇ ನಂಬರ್‌ಗೆ. ಇಂಥದ್ದನ್ನ ಮನುಷ್ಯ ಮರೀತಾನಾ?

ಹೊಸ ಕೋಚ್ ಮ್ಯಾಟ್ ಲಫ್ಲೂರ್ ಬಂದ್ಮೇಲಾದ್ರೂ ಎಲ್ಲ ಸರಿ ಹೋಯ್ತಾ ಅಂದ್ರೆ, 2021ರ ಜನವರಿ 24ರ ಕಥೆ ಕೇಳಿ, ನನ್ನ ಪ್ರಕಾರ ಇಡೀ ವಿಷಯ ಅದ್ರಲ್ಲೇ ಇದೆ. ಗೆದ್ದೋರು ಸೂಪರ್ ಬೌಲ್‌ಗೆ ಹೋಗ್ತಾರೆ ಅನ್ನೋ ಮ್ಯಾಚು, ಎದುರಿಗೆ ಟ್ಯಾಂಪಾ ಬೇ. ಪ್ಯಾಕರ್ಸ್ 31-23ರಿಂದ ಹಿಂದೆ, ಮ್ಯಾಚ್ ಮುಗಿಯೋಕೆ ಎರಡು ನಿಮಿಷ ಚಿಲ್ಲರೆ, ಗೋಲ್ ಗೆರೆಗೆ 8 ಗಜ, ಕೊನೇ ಡೌನು. ಸಮ ಮಾಡೋಕೆ ಬೇಕಾಗಿರೋದು 8 ಪಾಯಿಂಟು. ಪಕ್ಕದಲ್ಲಿ ನಿಂತಿರೋನು ಆ ವರ್ಷದ ಬೆಸ್ಟ್ ಆಟಗಾರ ಅಂತ ಪ್ರಶಸ್ತಿ ತಗೊಂಡ ರಾಡ್ಜರ್ಸ್. ಲಫ್ಲೂರ್ ಏನ್ ಮಾಡಿದ್ರು? ಕಿಕ್ ಹೊಡೆಸಿ 3 ಪಾಯಿಂಟ್ ತಗೊಂಡ್ರು. 31-26. ಆಮೇಲೆ ಬಾಲ್ ಎದುರಾಳಿ ಕೈಗೆ ಹೋಯ್ತು, ರಾಡ್ಜರ್ಸ್ ಕೈಗೆ ಮತ್ತೆ ಬರಲೇ ಇಲ್ಲ. ಮ್ಯಾಚ್ ಮುಗಿದ್ಮೇಲೆ ಅವ್ನು ಹೇಳಿದ್ದು ಇಷ್ಟೇ, ಅದು ನನ್ನ ನಿರ್ಧಾರ ಆಗಿರ್ಲಿಲ್ಲ ಅಂತ. ಬೈದಿಲ್ಲ, ಕಿರುಚಿಲ್ಲ, ಭುಜ ತಗುಲಿಸಿಲ್ಲ, ಆದ್ರೂ ಕೆಲ್ಸಿಗಿಂತ ಜೋರಾಗೇ ತಗುಲ್ತು ಅನ್ಸುತ್ತೆ ನಂಗೆ.

ಕೋಚ್‌ಗಳು ಹೀಗೆ ಹೆದರ್ತಾರೆ ಅನ್ನೋದನ್ನ ಬರ್ಕ್ಲಿಯ ಅರ್ಥಶಾಸ್ತ್ರಜ್ಞ ಡೇವಿಡ್ ರೋಮರ್ 2006ರಲ್ಲಿ ಒಂದು ಪ್ರಬಂಧದಲ್ಲಿ ಲೆಕ್ಕ ಹಾಕಿ ತೋರಿಸಿದ್ರು. ಸಾವಿರಾರು ಆಟಗಳ ಅಂಕಿಅಂಶ ತಗೊಂಡು ನೋಡಿದ್ರೆ, ನಾಲ್ಕನೇ ಡೌನ್‌ನಲ್ಲಿ ಕಿಕ್ ಹೊಡೀದೆ ಧೈರ್ಯ ಮಾಡಿ ಆಡೋದು ಎಷ್ಟೋ ಸಲ ಲಾಭ, ಆದ್ರೆ ಆಗ ಟೀಮ್‌ಗಳು ಅದನ್ನ ಅಷ್ಟಾಗಿ ಮಾಡ್ತಿರ್ಲಿಲ್ಲ. ಕಾರಣ ಇದಿರ್ಬೋದು, ಎಲ್ರೂ ಮಾಡೋದನ್ನೇ ಮಾಡಿ ಸೋತ್ರೆ ಆಟಗಾರರು ಸೋತ್ರು ಅಂತಾರೆ, ಹೊಸದೇನೋ ಮಾಡಿ ಸೋತ್ರೆ ಕೋಚ್ ಸೋಲಿಸಿದ ಅಂತಾರೆ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಟೀಮ್‌ನ ಆಗಿನ ಕೋಚ್ ಬಿಲ್ ಬೆಲಿಚಿಕ್ 2009ರ ನವೆಂಬರ್‌ನಲ್ಲಿ ಇಂಡಿಯಾನಾಪೊಲಿಸ್ ವಿರುದ್ಧ ಇದನ್ನ ಅನುಭವಿಸಿದ್ರು. 6 ಪಾಯಿಂಟ್ ಮುಂದೆ ಇದ್ರು, ತನ್ನದೇ 28 ಗಜದ ಗೆರೆ, ನಾಲ್ಕನೇ ಡೌನ್, ಬೇಕಾಗಿದ್ದು 2 ಗಜ, ಧೈರ್ಯ ಮಾಡಿದ್ರು, ಸ್ವಲ್ಪದ್ರಲ್ಲಿ ತಪ್ಪೋಯ್ತು, 35-34ರಿಂದ ಸೋತ್ರು. ಅವರ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಪಾಸ್ ಬಗ್ಗೆ ಯಾರೂ ಅಷ್ಟಾಗಿ ಮಾತಾಡಲಿಲ್ಲ, ವಾರವೆಲ್ಲ ಬೈಸ್ಕೊಂಡಿದ್ದು ಕೋಚ್.

ಬೈಗುಳದ ಲೆಕ್ಕ ಹೀಗಾದ್ರೆ, ಹೊಗಳಿಕೆ ಲೆಕ್ಕ ಇನ್ನೂ ಗೋಜಲು.

1979ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಮೈಕಲ್ ರಾಸ್ ಮತ್ತೆ ಫಿಯೋರೆ ಸಿಕೋಲಿ ಒಂದು ಮಜವಾದ ಕೆಲಸ ಮಾಡಿದ್ರು. ಗಂಡ ಹೆಂಡ್ತಿಯರನ್ನ ಬೇರೆ ಬೇರೆ ಕೂರಿಸಿ, ತಿಂಡಿ ಮಾಡೋದು, ಪಾತ್ರೆ ತೊಳೆಯೋದು, ಜಗಳ ಶುರು ಮಾಡೋದು ಸಹ ಸೇರಿ, ಮನೆ ಕೆಲಸಗಳಲ್ಲಿ ನಿಮ್ಮ ಪಾಲೆಷ್ಟು ಅಂತ ಕೇಳಿದ್ರು. ಇಬ್ಬರ ಉತ್ತರ ಕೂಡಿಸಿದ್ರೆ ನೂರಕ್ಕೆ ನೂರು ಬರ್ಬೇಕು ತಾನೇ? ಹೆಚ್ಚಿನ ಕೆಲಸಗಳಲ್ಲಿ ನೂರಕ್ಕಿಂತ ಜಾಸ್ತಿ ಬಂತು. ಸುಳ್ಳು ಹೇಳ್ತಿದ್ರು ಅಂತಲ್ಲ. ನಾನು ತೊಳೆದ ಪಾತ್ರೆ ಪ್ರತಿಯೊಂದೂ ನಂಗೆ ನೆನಪಿರುತ್ತೆ, ನೀನು ತೊಳೆದಿದ್ದು ನಾನು ಆಫೀಸಲ್ಲಿದ್ದಾಗ, ನೋಡೇ ಇಲ್ಲ. ಅವರೇ ಬ್ಯಾಸ್ಕೆಟ್‌ಬಾಲ್ ಆಟಗಾರರನ್ನೂ ಕೇಳಿದ್ರು, ಅಲ್ಲೂ ಅದೇ ಕಥೆ, ಮ್ಯಾಚ್ ತಿರುಗಿದ ಕ್ಷಣ ಯಾವುದು ಅಂದ್ರೆ ಹೆಚ್ಚಿನೋರಿಗೆ ನೆನಪಾಗೋದು ತಮ್ಮ ಟೀಮ್‌ನೋರು ಮಾಡಿದ್ದೇ.

ಈಗ ಬ್ರೇಡಿ ಬೆಲಿಚಿಕ್ ಸಂಸಾರ ನೋಡಿ. 2000ದ ಡ್ರಾಫ್ಟ್‌ನಲ್ಲಿ 199ನೇ ನಂಬರ್‌ಗೆ ಸಿಕ್ಕ ಹುಡುಗ, 20 ಸೀಸನ್ ಒಟ್ಟಿಗೆ, ಆರು ಸೂಪರ್ ಬೌಲ್. ಬೆಲಿಚಿಕ್ ನೆನಪಲ್ಲಿರೋದು ರಾತ್ರಿಯೆಲ್ಲ ಕೂತು ನೋಡಿದ ವಿಡಿಯೋಗಳು, ಬ್ರೇಡಿ ನೆನಪಲ್ಲಿರೋದು ಪಕ್ಕೆಲುಬಿಗೆ ಬಿದ್ದ ಏಟುಗಳು. ಮೇಲಿಂದ ದುಡ್ಡಿನ ವಿಷಯ ಬೇರೆ: ಈ ಟೀಮ್‌ಗಳೆಲ್ಲ ಆಡೋ ಲೀಗ್ ಎನ್‌ಎಫ್‌ಎಲ್‌ನಲ್ಲಿ ಒಂದು ಟೀಮ್‌ನ ಎಲ್ಲಾ ಆಟಗಾರರ ಸಂಬಳಕ್ಕೂ ಸೇರಿ ಒಂದು ಮಿತಿ ಇದೆ, 2024ರಲ್ಲಿ ಅದು ಟೀಮ್‌ಗೆ 25.54 ಕೋಟಿ ಡಾಲರ್. ಅದೇ ವರ್ಷ ಡ್ಯಾಲಸ್ ಟೀಮ್‌ನ ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್ ಒಬ್ಬನ ಒಪ್ಪಂದವೇ ವರ್ಷಕ್ಕೆ ಸರಾಸರಿ 6 ಕೋಟಿ. ಸ್ಟಾರ್‌ಗೆ ಕೊಟ್ಟ ಪ್ರತಿ ಡಾಲರ್ ಇನ್ನೊಬ್ಬನ ತಟ್ಟೆಯಿಂದ ಹೋಗಿದ್ದು, ಕೋಚ್ ಸಂಬಳ ಮಾತ್ರ ಈ ಲೆಕ್ಕಕ್ಕೇ ಬರಲ್ಲ. ಬ್ರೇಡಿ ವರ್ಷಾನುಗಟ್ಟಲೆ ಕಮ್ಮಿ ತಗೊಂಡ, ಅಷ್ಟಾದ್ರೂ 2014ರಲ್ಲಿ ಅವನ ಜಾಗಕ್ಕೆ ಅಂತಲೇ ಜಿಮ್ಮಿ ಗರಾಪೊಲೋನ ಕರ್ಕೊಂಡು ಬಂದ್ರು.

2020ರಲ್ಲಿ ಸಂಸಾರ ಒಡೀತು. ಬ್ರೇಡಿ ಟ್ಯಾಂಪಾ ಬೇಗೆ ಹೋಗಿ ಮೊದಲನೇ ಸೀಸನ್‌ನಲ್ಲೇ ಸೂಪರ್ ಬೌಲ್ ಗೆದ್ದ. ಹೌದು, ಮೇಲೆ ಹೇಳಿದ್ನಲ್ಲ, ರಾಡ್ಜರ್ಸ್ ಕೈಗೆ ಬಾಲ್ ಮರಳಿ ಸಿಗದ ಹಾಗೆ ಟೈಮ್ ಕಳೆದೋನು ಅವನೇ. ಬೆಲಿಚಿಕ್ ಟೀಮ್ ಆ ವರ್ಷ 7 ಗೆದ್ದು 9 ಸೋತು ಮನೇಲಿತ್ತು. ನೋಡಿದ್ರಾ, ಎಲ್ಲಾ ಬ್ರೇಡಿದೇ ಅಂದ್ರು ಜನ, ಗೆದ್ದೆತ್ತಿನ ಬಾಲ ಹಿಡಿಯೋಕೆ ಎಷ್ಟು ಹೊತ್ತು. ವಿಜ್ಞಾನದ ಕಣ್ಣಲ್ಲಿ ನೋಡಿದ್ರೆ ಇದು ಬಹಳ ಕೆಟ್ಟ ಪ್ರಯೋಗ. ಒಂದೇ ಜೋಡಿ, ಒಂದೇ ಸಲ. ಬ್ರೇಡಿ ಹೋದ ಕಡೆ ಒಳ್ಳೊಳ್ಳೆ ಆಟಗಾರರು ರೆಡಿ ಇದ್ರು, ಬೆಲಿಚಿಕ್ ಕಡೆ ಕೋವಿಡ್ ಅಂತ ಎಷ್ಟೋ ಜನ ಆ ಸೀಸನ್ನೇ ಬಿಟ್ಟಿದ್ರು. ಎರಡು ಔಷಧಿನ ಒಟ್ಟಿಗೇ ನುಂಗಿ ವಾಸಿಯಾದೋನು ಯಾವುದ್ರಿಂದ ವಾಸಿಯಾಯ್ತು ಅಂತ ಹೇಳೋಕಾಗಲ್ಲ, ಆಮೇಲೆ ಒಂದನ್ನ ನಿಲ್ಸಿದ ದಿನವೇ ಮಳೇಲಿ ನೆಂದು ಬಂದ್ರೆ ಮುಗೀತು.

ಬೈಯೋದ್ರಿಂದ ಉಪಯೋಗ ಇದೆಯಾ ಅನ್ನೋದು ಇನ್ನೊಂದು ಪ್ರಶ್ನೆ. ಬೆಲಿಚಿಕ್ ವಿಡಿಯೋ ಮೀಟಿಂಗ್‌ನಲ್ಲಿ ಇಡೀ ಟೀಮ್ ಮುಂದೆ ಬ್ರೇಡಿ ತಪ್ಪುಗಳನ್ನ ತೋರಿಸಿ, ಊರಿನ ಹೈಸ್ಕೂಲ್ ಹುಡುಗ ಕೂಡ ಇದಕ್ಕಿಂತ ಚೆನ್ನಾಗಿ ಎಸೀತಾನೆ ಅನ್ನೋ ಧಾಟೀಲಿ ಬೈತಿದ್ರು ಅಂತ ಹಳೇ ಆಟಗಾರರು ಎಷ್ಟೋ ಸಲ ಹೇಳಿದಾರೆ. ಸ್ಟಾರ್‌ನೇ ಬಿಡ್ಲಿಲ್ಲ ಅಂದ್ರೆ ನಮ್ಮನ್ನ ಬಿಡ್ತಾರಾ ಅಂತ ಉಳಿದೋರು ನೆಟ್ಟಗಾಗ್ತಿದ್ರು. ಬರ್ಕ್ಲಿಯ ಬ್ಯಾರಿ ಸ್ಟಾ ತಂಡದೋರು 2019ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ 23 ಬ್ಯಾಸ್ಕೆಟ್‌ಬಾಲ್ ಟೀಮ್‌ಗಳ ಕೋಚ್‌ಗಳು ಹಾಫ್ ಟೈಮ್‌ನಲ್ಲಿ ಮಾಡಿದ 304 ಭಾಷಣಗಳನ್ನ ರೆಕಾರ್ಡ್ ಮಾಡಿದ್ರು. ಕೋಚ್ ಸ್ವಲ್ಪ ಸಿಟ್ಟು ತೋರಿಸಿದ್ರೆ ಸೆಕೆಂಡ್ ಹಾಫ್ ಚೆನ್ನಾಗಾಗುತ್ತೆ, ಸಿಟ್ಟು ಒಂದು ಮಟ್ಟ ದಾಟಿದ್ರೆ ಉಲ್ಟಾ ಹೊಡೆಯುತ್ತೆ. ಅವೆಲ್ಲ ಹೈಸ್ಕೂಲು ಕಾಲೇಜು ಟೀಮ್‌ಗಳು, ಕೋಟ್ಯಾಧಿಪತಿಗಳಿಗೆ ಎಷ್ಟು ಅನ್ವಯಿಸುತ್ತೋ. ಅದಕ್ಕೂ ಮುಂಚೆ 1996ರಲ್ಲಿ ಕ್ಲೂಗರ್ ಮತ್ತೆ ಡಿನೀಸಿ ಅನ್ನೋರು ನೂರಾರು ಪ್ರಯೋಗಗಳನ್ನ ಒಟ್ಟಿಗೆ ಹಾಕಿ ನೋಡಿದಾಗ, ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಸಂದರ್ಭಗಳಲ್ಲಿ ಫೀಡ್‌ಬ್ಯಾಕ್ ಕೊಟ್ಟ ಮೇಲೆ ಕೆಲಸ ಇನ್ನೂ ಹಾಳಾಗಿತ್ತು. ಮಾಡ್ತಿರೋ ಕೆಲಸದ ಮೇಲಿದ್ದ ಗಮನ ‘ನಾನು ಎಂಥೋನು’ ಅನ್ನೋ ಕಡೆ ಹೋಯ್ತು ಅಂದ್ರೆ ಕೆಟ್ಟಿತು ಅಂತ ಅವರ ವಿವರಣೆ. ‘ಆ ಪಾಸ್ ತಡ ಆಯ್ತು’ ಅನ್ನೋದಕ್ಕೂ ‘ನೀನು ಹೈಸ್ಕೂಲ್ ಹುಡುಗನಿಗಿಂತ ಕಡೆ’ ಅನ್ನೋದಕ್ಕೂ ಇರೋ ವ್ಯತ್ಯಾಸ. ನಮ್ಮ ಕುಂಬ್ಳೆ 2017ರಲ್ಲಿ ಕೋಚ್ ಹುದ್ದೆ ಬಿಟ್ಟಾಗ, ಕ್ಯಾಪ್ಟನ್‌ಗೆ ನನ್ನ ಶೈಲಿ ಬಗ್ಗೆ ಆಕ್ಷೇಪ ಇದೆ ಅಂತ ಬೋರ್ಡ್ ಹೇಳ್ತು ಅಂತ ಬರೆದಿದ್ರಲ್ಲ, ‘ಶೈಲಿ’ ಅನ್ನೋ ಆ ಒಂದು ಪದದೊಳಗೆ ಇದೆಲ್ಲ ಅಡಗಿರುತ್ತೆ ಅನ್ಸುತ್ತೆ.

ಮೈ ವಿಷಯಕ್ಕೆ ಬಂದ್ರೆ ಮಾತ್ರ ಇದು ತಮಾಷೆ ಅಲ್ಲ. 2013ರ ಜನವರಿ 6, ವಾಷಿಂಗ್ಟನ್ ಟೀಮ್‌ನ ಕ್ವಾರ್ಟರ್‌ಬ್ಯಾಕ್ ರಾಬರ್ಟ್ ಗ್ರಿಫಿನ್, ಮೊದಲನೇ ವರ್ಷದ ಹುಡುಗ, ತಿಂಗಳ ಹಿಂದೆ ಏಟಾಗಿದ್ದ ಮಂಡಿ ಇಟ್ಕೊಂಡು ಕುಂಟ್ತಾ ಆಡ್ತಿದಾನೆ. ಟಿವಿ ನೋಡ್ತಿದ್ದೋರಿಗೂ ಕಾಣ್ತಿತ್ತು. ನೋವಿದೆ ಆದ್ರೆ ಆಡ್ತೀನಿ ಅಂದ ಅವ್ನು, ನಂಬಿದೆ ಅಂದ್ರು ಕೋಚ್ ಮೈಕ್ ಶನಹನ್. ನಾಲ್ಕನೇ ಕ್ವಾರ್ಟರ್‌ನಲ್ಲಿ ಮಂಡಿ ಪೂರ್ತಿ ಮಡಚಿ ಬಿದ್ದ, ಎರಡು ಲಿಗಮೆಂಟ್ ಹರಿದಿದ್ವು. ವರ್ಷ ತುಂಬೋದ್ರೊಳಗೆ ಇಬ್ಬರ ಸಂಬಂಧನೂ ಹರಿದು, ಕೋಚ್ ಅವನ್ನ ಬೆಂಚಿಗೆ ಕೂರಿಸಿ, ಕೊನೆಗೆ ಕೋಚ್‌ಗೇ ಕೆಲಸ ಹೋಯ್ತು. ಆಡ್ಬೇಡ ಅಂತ ಯಾರು ಹೇಳ್ಬೇಕಿತ್ತು? ಹೊರಗೆ ಕೂತ್ರೆ ಜಾಗ ಹೋಗುತ್ತೆ ಅಂತ ಹೆದರೋ ಹುಡುಗ ಹೇಳಲ್ಲ, ಆ ದಿನದ ಮ್ಯಾಚ್ ಸೋತ್ರೆ ಸೀಸನ್ ಮುಗೀತು ಅಂತ ಗೊತ್ತಿರೋ ಕೋಚೂ ಹೇಳಲ್ಲ.

ಕೆಲ್ಸಿ ವಿಷಯ ಅರ್ಧಕ್ಕೆ ಬಿಟ್ಟೆ. ಹಾಫ್ ಟೈಮ್ ಹೊತ್ತಿಗೆ ಅವನ ಹೆಸರಲ್ಲಿ ಒಂದೇ ಕ್ಯಾಚು, 1 ಗಜ. ಮ್ಯಾಚ್ ಮುಗಿಯೋ ಹೊತ್ತಿಗೆ 9 ಕ್ಯಾಚು, 93 ಗಜ. ರೀಡ್‌ನ ಕೇಳಿದ್ರೆ ನಕ್ಕೊಂಡು, ಅವ್ನು ನನ್ನ ಆಟಕ್ಕೆ ಕಳಿಸಿ ಅಂತ ಕೇಳೋಕೆ ಬಂದಿದ್ದ, ನಾನೇ ಸರಿಯಾಗಿ ನಿಂತಿರ್ಲಿಲ್ಲ ಅಂದ್ರು. ಆ ವಾರ ಅಣ್ಣ ಜೇಸನ್ ಜೊತೆ ಪಾಡ್‌ಕಾಸ್ಟ್‌ನಲ್ಲಿ ಕೂತಾಗ ಅಣ್ಣನೇ ಬೈದ, ಗೆರೆ ದಾಟಿದೆ ನೀನು ಅಂತ, ಇವ್ನು ಹೌದು ಅಂತ ಒಪ್ಕೊಂಡ.

ಇನ್ನು ಮ್ಯಾಚು. ಓವರ್‌ಟೈಮ್‌ಗೆ ಹೋಗಿ 3 ಸೆಕೆಂಡ್ ಬಾಕಿ ಇರೋವಾಗ ಮುಗೀತು, 25-22ರಿಂದ ಚೀಫ್ಸ್ ಗೆದ್ರು. ಕೊನೇ ಆಟದ ಹಿಂದಿನ ಆಟದಲ್ಲಿ ಪಾಸ್ ಹಿಡಿದು 7 ಗಜ ತಂದ್ಕೊಟ್ಟು 3 ಗಜದ ಗೆರೆಗೆ ಮುಟ್ಟಿಸಿದ್ದು ಕೆಲ್ಸಿ. ಆಮೇಲಿನ ಆಟ ಕಳಿಸಿದ್ದು ರೀಡ್, ಹಿಂದಿನ ವರ್ಷದ ಸೂಪರ್ ಬೌಲ್‌ನಲ್ಲಿ ಆಡ್ಸಿದ್ದ ಒಂದು ಆಟದ ಧಾಟೀದೇ. ರೇಡಿಯೋ ಬಂದ್ ಆದ್ಮೇಲೆ ಗೆರೆ ಮೇಲೆ ನಿಂತು ಅದನ್ನ ನಡೆಸಿದ್ದು ಚೀಫ್ಸ್ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್. ಹಿಡಿದಿದ್ದು ಮೆಕೋಲ್ ಹಾರ್ಡ್‌ಮನ್, ಅದೇ, ಬೆಳಗ್ಗೆ ಆರು ಗಂಟೆಗೆ ಆ ಉದ್ದದ ಪಾಸ್ ಹಿಡಿದಿದ್ದೋನು. ಹೆಂಗನ್ನಿಸ್ತು ಅಂತ ಕೇಳಿದ್ರೆ, ಬಾಲ್ ಹಿಡಿದಿದ್ದೇ ಕಣ್ಣು ಕತ್ತಲೆ ಬಂದಂಗಾಯ್ತು, ಮಹೋಮ್ಸ್ ಓಡಿ ಬರೋವರೆಗೂ ಗೆದ್ದಿದೀವಿ ಅಂತಲೇ ಗೊತ್ತಾಗ್ಲಿಲ್ಲ ಅಂದ.