ಅರ್ಧ ಗಂಟೆಯೋ, ಮೂರು ದಿನವೋ? ಸೂರ್ಯನ ಕಣಗಳ ಲೆಕ್ಕ

ಪ್ರಶ್ನೆ: ಸೂರ್ಯನಲ್ಲಿ ಸ್ಫೋಟವಾದರೆ ಕಣಗಳು ಭೂಮಿಗೆ ಬರಲು ಎರಡು ಮೂರು ದಿನ ಬೇಕೆಂದು ಒಂದು ಕಡೆ ಓದಿದೆ, ಅರ್ಧ ಗಂಟೆ ಸಾಕೆಂದು ಇನ್ನೊಂದು ಕಡೆ. ಯಾವುದು ನಿಜ?

ಉತ್ತರ: ಎರಡೂ ನಿಜ. ಬರುವ ಅತಿಥಿಗಳು ಬೇರೆ ಬೇರೆ, ಅಷ್ಟೆ. ಸೂರ್ಯ ಸುದ್ದಿಯಾದಾಗಲೆಲ್ಲ ಈ ಪ್ರಶ್ನೆ ತಪ್ಪದೆ ಬರುತ್ತದೆ, ಹಾಗಾಗಿ ಈ ಸಲ ಬುಡದಿಂದಲೇ ನೋಡಿಬಿಡೋಣ.

ಸೌರಜ್ವಾಲೆಯ, ಅಂದರೆ ಸೂರ್ಯನಲ್ಲಿ ಹಠಾತ್ತನೆ ಮಿಂಚುವ ಸ್ಫೋಟದ, ಎಕ್ಸ್-ಕಿರಣ 8 ನಿಮಿಷ 20 ಸೆಕೆಂಡಿಗೆ ಇಲ್ಲಿರುತ್ತದೆ. ಕರೋನಾದಿಂದ (ಸೂರ್ಯನ ಹೊರ ವಾತಾವರಣದಿಂದ) ಚಿಮ್ಮುವ ಪ್ಲಾಸ್ಮಾ (ವಿದ್ಯುದಾವೇಶದ ಕಣಗಳ ಬಿಸಿ ಅನಿಲ) ಮೋಡಕ್ಕೆ, ಅಂದರೆ ಸಿಎಂಇಗೆ, ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. 1859ರ ಭಾರೀ ಸೌರ ಚಂಡಮಾರುತವಾದ ಕ್ಯಾರಿಂಗ್ಟನ್ ಘಟನೆಯಲ್ಲಿ ಅದು ಹದಿನೇಳೂವರೆ ಗಂಟೆಯಲ್ಲೇ ಬಂದಿತ್ತು. ಇವೆರಡರ ನಡುವೆ ನುಗ್ಗುವವು ಅಧಿಕ ಶಕ್ತಿಯ ಪ್ರೋಟಾನ್‌ಗಳು. 100 ಎಂಇವಿ (ಹತ್ತು ಕೋಟಿ ಎಲೆಕ್ಟ್ರಾನ್ ವೋಲ್ಟ್; ಇದು ಕಣದ ಶಕ್ತಿಯ ಅಳತೆ) ಪ್ರೋಟಾನ್ ಬೆಳಕಿನ ವೇಗದ ಶೇ. 43ರಷ್ಟು ವೇಗದಲ್ಲಿ ಓಡುತ್ತದೆ. ಅದು ಹಿಡಿದು ಬರುವ ಬಾಗಿದ ಕಾಂತರೇಖೆಯ ದಾರಿ ನೇರ ದೂರಕ್ಕಿಂತ ಐದನೇ ಒಂದರಷ್ಟು ಹೆಚ್ಚಾದರೂ ಅದಕ್ಕೆ ಹಿಡಿಯುವುದು 23 ನಿಮಿಷ. 10 ಎಂಇವಿಯದಕ್ಕೆ ಸುಮಾರು 70 ನಿಮಿಷ.

ಈಗ ಏನು ಮಾಡಿದರೂ ಸಾಯದ ಆ ತಪ್ಪುಕಲ್ಪನೆಗೆ ಬರೋಣ: “ಬಾಂಬು ಸಿಡಿದಾಗ ಚೂರು ಹಾರುವಂತೆ ಸ್ಫೋಟವೇ ಕಣಗಳನ್ನು ಎಸೆಯುತ್ತದೆ, ಎಸೆದ ವೇಗದಲ್ಲೇ ಅವು ಭೂಮಿಗೆ ಬರುತ್ತವೆ.” ಇಲ್ಲ. ಲೆಕ್ಕ ಹಾಕಿ ನೋಡಿ. ಅತಿ ವೇಗದ ಸಿಎಂಇ ಸೆಕೆಂಡಿಗೆ 3,000 ಕಿ.ಮೀ. ಹೋಗುತ್ತದೆ ಎನ್ನೋಣ. ಆ ವೇಗದ ಪ್ರೋಟಾನ್‌ನ ಶಕ್ತಿ 47 ಸಾವಿರ ಎಲೆಕ್ಟ್ರಾನ್ ವೋಲ್ಟ್. ನಮಗೆ ತಲುಪಿದ 100 ಎಂಇವಿ ಪ್ರೋಟಾನ್‌ನಲ್ಲಿ ಅದರ ಎರಡು ಸಾವಿರ ಪಟ್ಟು ಶಕ್ತಿ ಇದೆ. ಚೂರು ಸ್ಫೋಟಕ್ಕಿಂತ ಎರಡು ಸಾವಿರ ಪಟ್ಟು ಜೋರಾಗಿ ಹಾರಿತೇ? “ಶಾಖದಿಂದ ಇರಬಹುದು” ಎಂಬ ಮುಂದಿನ ವಾದವೂ ಗೊತ್ತು. ಜ್ವಾಲೆಯ ಪ್ಲಾಸ್ಮಾ 2 ಕೋಟಿ ಡಿಗ್ರಿ ಇದ್ದರೂ ಕಣವೊಂದಕ್ಕೆ ಸಿಗುವುದು ಎರಡು ಮೂರು ಸಾವಿರ ಎಲೆಕ್ಟ್ರಾನ್ ವೋಲ್ಟ್ ಮಾತ್ರ.

ಇನ್ನೂ ಒಪ್ಪದವರಿಗೆ ಕಬ್ಬಿಣದ ಸಾಕ್ಷಿ ಇದೆ, ಅಕ್ಷರಶಃ. ಜ್ವಾಲೆಯ ಬಿಸಿಯಲ್ಲಿ ಕಬ್ಬಿಣದ ಪರಮಾಣು 20ರಷ್ಟು ಎಲೆಕ್ಟ್ರಾನ್ ಕಳೆದುಕೊಳ್ಳುತ್ತದೆ. ದೊಡ್ಡ, ದಿನಗಟ್ಟಲೆ ನಡೆಯುವ ಕಣಮಳೆಗಳಲ್ಲಿ ಬರುವ ಕಬ್ಬಿಣ ಸಾಮಾನ್ಯವಾಗಿ ಕಳೆದುಕೊಂಡಿರುವುದು 10ರಿಂದ 14 ಮಾತ್ರ. ಅಂದರೆ ಅದು ಜ್ವಾಲೆಯ ಒಲೆಯಲ್ಲಿ ಬೆಂದದ್ದಲ್ಲ, ಸುತ್ತಲಿನ ಸಾಧಾರಣ ಕರೋನಾದ್ದು. ದೊಡ್ಡ ಘಟನೆಗಳಿಗೆ ಜ್ವಾಲೆಯೇ ಕಾರಣವೆಂಬ ನಂಬಿಕೆಯನ್ನು ವಿಜ್ಞಾನಿ ಜ್ಯಾಕ್ ಗೋಸ್ಲಿಂಗ್ 1993ರಲ್ಲೇ ನೇರವಾಗಿ ಪ್ರಶ್ನಿಸಿದ್ದರು. ಮೂವತ್ತು ವರ್ಷ ದಾಟಿದರೂ ಚೂರಿನ ಚಿತ್ರ ಮಾತ್ರ ಓಡಾಡುತ್ತಲೇ ಇದೆ.

ಹಾಗಾದರೆ ವೇಗ ಕೊಡುವುದು ಯಾವುದು? ಸಿಎಂಇ ತನ್ನ ಮುಂದೆ ತಳ್ಳುವ ಆಘಾತ ತರಂಗ. ಸುತ್ತಲಿನ ಪ್ಲಾಸ್ಮಾದಲ್ಲಿ ಕಾಂತೀಯ ಅಲೆಗಳು ಸಾಗುವ ವೇಗವನ್ನು ಮೋಡ ಮೀರಿದಾಗ ಮಾತ್ರ ಇದು ಹುಟ್ಟುತ್ತದೆ. ನಿಧಾನದ ಸಿಎಂಇಗಳಿಂದ ಕಣಮಳೆ ಬಾರದಿರುವುದು ಅದಕ್ಕೇ. ಆಘಾತದ ಎರಡೂ ಬದಿಯಲ್ಲಿ ಕಾಂತಕ್ಷೇತ್ರ ಕದಡಿರುತ್ತದೆ. ಆ ಕದಡಿಕೆಗೆ ಬಡಿದ ಪ್ರೋಟಾನ್ ಹಿಂದಕ್ಕೆ ಪುಟಿಯುತ್ತದೆ, ಮತ್ತೆ ಆಘಾತ ದಾಟುತ್ತದೆ, ಆಚೆ ಬದಿಯಲ್ಲಿ ಮತ್ತೆ ಪುಟಿಯುತ್ತದೆ. ಎರಡು ಬದಿಯ ಪ್ಲಾಸ್ಮಾ ಒಂದರತ್ತ ಒಂದು ಧಾವಿಸುವ ಗೋಡೆಗಳಂತೆ, ಹೀಗಾಗಿ ಸುತ್ತು ಸುತ್ತಿಗೂ ಲಾಭ. ಆಘಾತ ಬಲವಾಗಿದ್ದು ಪ್ಲಾಸ್ಮಾವನ್ನು ನಾಲ್ಕು ಪಟ್ಟು ಒತ್ತಿದರೆ, ಪ್ರತಿ ಸುತ್ತಿಗೆ ಸರಾಸರಿ ಆಘಾತದ ವೇಗದಷ್ಟೇ ವೇಗ ಕೂಡುತ್ತದೆ. ಸೆಕೆಂಡಿಗೆ 1,500 ಕಿ.ಮೀ. ಆಘಾತವಾದರೆ, 3,000 ಕಿ.ಮೀ.ಯಲ್ಲಿದ್ದ ಪ್ರೋಟಾನ್ ಸುಮಾರು 27 ಸುತ್ತಿನಲ್ಲಿ 43,000 ಕಿ.ಮೀ. ಮುಟ್ಟುತ್ತದೆ. ಅದೇ 10 ಎಂಇವಿ. ಆದರೆ ಪ್ರತಿ ಸುತ್ತಿನಲ್ಲೂ ಕೆಲವು ಸೋರಿಹೋಗುತ್ತವೆ, ಆದ್ದರಿಂದ ಶಕ್ತಿ ಏರಿದಂತೆ ಸಂಖ್ಯೆ ಕುಸಿಯುತ್ತದೆ. ಸೊಗಸೆಂದರೆ, ಮುಂದಕ್ಕೆ ಸೋರುವ ಪ್ರೋಟಾನ್‌ಗಳೇ ದಾರಿಯ ಕಾಂತಕ್ಷೇತ್ರವನ್ನು ಕದಡಿ, ಹಿಂದೆ ಬರುವವುಗಳಿಗೆ ಬಲೆ ಹೆಣೆಯುತ್ತವೆ.

ಈ ಕಾರ್ಖಾನೆ ದಾರಿಯುದ್ದಕ್ಕೂ ಚಾಲೂ ಇರುತ್ತದೆ. ಒಂದೆರಡು ದಿನದ ಮೇಲೆ ಆಘಾತವೇ ಭೂಮಿಯನ್ನು ದಾಟುವಾಗ ಕಡಿಮೆ ಶಕ್ತಿಯ ಕಣಗಳ ಸಂಖ್ಯೆ ಎಷ್ಟೋ ಸಲ ಇನ್ನೊಮ್ಮೆ ಜಿಗಿಯುತ್ತದೆ. ಒಮ್ಮೆ ಎಸೆದ ಚೂರುಗಳಾಗಿದ್ದರೆ ಈ ಎರಡನೇ ಜಿಗಿತ ಎಲ್ಲಿಂದ ಬರಬೇಕು?

ಜ್ವಾಲೆ ಪೂರ್ತಿ ನಿರಪರಾಧಿಯೇನಲ್ಲ. ಕಾಂತರೇಖೆಗಳು ತುಂಡಾಗಿ ಮರುಜೋಡಣೆಯಾಗುವ ಜಾಗದಲ್ಲೂ ಕಣಗಳಿಗೆ ವೇಗ ಸಿಗುತ್ತದೆ. ಆದರೆ ಅವು ಕೆಲವೇ ಗಂಟೆಯ ಚಿಕ್ಕ ಘಟನೆಗಳು, ಎಲೆಕ್ಟ್ರಾನ್ ಹೆಚ್ಚು, ಜೊತೆಗೆ ಹೀಲಿಯಂ-3 (ಹೀಲಿಯಂನ ಹಗುರ, ಅಪರೂಪದ ರೂಪ) ಮಾಮೂಲಿಗಿಂತ ಸಾವಿರಾರು ಪಟ್ಟು ಜಾಸ್ತಿ. ಆ ಗುರುತು ಕಂಡರೆ ಜ್ವಾಲೆಯ ಕೈವಾಡ ಎನ್ನಬಹುದು.

ಯಾರೂ ಕೇಳದಿದ್ದರೂ ಒಂದು ಮಾತು: ಸ್ಫೋಟ ನಮಗೆ ನೇರ ಎದುರಿಗಾದರೆ ಕಣಗಳು ಅತಿ ಬೇಗ ಬರುತ್ತವೆ ಎಂದುಕೊಳ್ಳಬೇಡಿ. ಕಣಗಳು ಕಾಂತರೇಖೆ ಹಿಡಿದೇ ಬರಬೇಕು. ಸೂರ್ಯ ತಿರುಗುವುದರಿಂದ ಆ ರೇಖೆಗಳು ಸುರುಳಿಯಾಗಿ ಬಾಗಿವೆ. ಭೂಮಿಗೆ ತಾಗುವ ರೇಖೆಯ ಬುಡ ಸೂರ್ಯನ ಪಶ್ಚಿಮಾರ್ಧದಲ್ಲಿ, ನಡುವಿನಿಂದ ಸುಮಾರು 55-60 ಡಿಗ್ರಿ ದೂರದಲ್ಲಿದೆ. ಉತ್ತರ ಮೇಲಿರುವ ಚಿತ್ರದಲ್ಲಿ ಅದು ಬಲಗಡೆ. ಅಲ್ಲಿ ಸಿಡಿದರೆ ನಿಮಿಷಗಳಲ್ಲಿ ಏರಿಕೆ. ಎಡ ಅಂಚಿನಲ್ಲಿ ಸಿಡಿದರೆ ಕಣಗಳು ನಿಧಾನವಾಗಿ, ಗಂಟೆಗಟ್ಟಲೆ ಏರುತ್ತವೆ.

ಸೂರ್ಯನನ್ನು ಗಮನಿಸುವ ಸೋಹೋ ನೌಕೆಯ ವಿಡಿಯೊಗಳಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಮೋಡ ಇನ್ನೂ ಚೌಕಟ್ಟಿನೊಳಗೇ ಉಬ್ಬುತ್ತಿರುವಾಗ ಚಿತ್ರದ ತುಂಬ ಬಿಳಿ ಚುಕ್ಕೆಗಳು ಹಿಮದಂತೆ ಸುರಿಯುತ್ತವೆ. ಅವು ಕ್ಯಾಮೆರಾದ ಸಂವೇದಕಕ್ಕೆ ಬಡಿದ ಪ್ರೋಟಾನ್‌ಗಳು. ಮೋಡ ಬರುವುದು ಇನ್ನೂ ಒಂದೆರಡು ದಿನದ ಮಾತು.