ಕೆಂಪು ಚಡ್ಡಿಯವರನ್ನು ಕೆಡವಬಾರದು

ಯುಗಾದಿ ಕಳೆದು ಊರೂರಲ್ಲಿ ಜಾತ್ರೆ ಶುರುವಾಯಿತೆಂದರೆ ತುಮಕೂರಿನ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ 45 ದಾಟಿದ ಕಬಡ್ಡಿ ಆಟಗಾರರು ಕುಂಟಿಕೊಂಡು ಬರುತ್ತಾರೆ. ಹುಡುಗರ ಫೈನಲ್‌ಗೆ ಮುಂಚೆ ಊರಿನ ಹಳೇ ಆಟಗಾರರದ್ದೂ ಒಂದು ಪಂದ್ಯ ಇಡುತ್ತಾರಲ್ಲ, ಅಲ್ಲಿಂದ ಬಂದವರು. ಹೋದ ವರ್ಷ ಪಾವಗಡ ಕಡೆಯ 52ರ ರೈತರೊಬ್ಬರನ್ನು ಅವರ ಮಗ ಭುಜ ಕೊಟ್ಟು ಕರೆತಂದ. "ರೈಡ್‌ಗೆ ಅಂತ ಕಾಲು ಕಿತ್ತೆ ಡಾಕ್ಟ್ರೇ, ಹಿಂದಿನಿಂದ ಯಾರೋ ಹಿಮ್ಮಡಿಗೆ ಕಲ್ಲು ಬೀಸಿದಂಗಾಯ್ತು. ತಿರುಗಿ ನೋಡಿದ್ರೆ ಯಾರೂ ಇಲ್ಲ." ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು, ನಾವು ಅಕಿಲಿಸ್ ಅನ್ನುವುದು, ಪೂರ್ತಿ ಹರಿದಿತ್ತು. ಅದು ಹರಿದ ಎಷ್ಟೋ ಜನ ಹೆಚ್ಚುಕಮ್ಮಿ ಇದೇ ಮಾತು ಹೇಳುತ್ತಾರೆ. ಮುಂಗಾರಿನ ಬಿತ್ತನೆಯನ್ನು ಆ ಸಲ ಮಗನೊಬ್ಬನೇ ಮಾಡಿದ.

"ವಯಸ್ಸಾಯ್ತು, ಆಟ ಬಿಡಿ" ಅಂದುಬಿಡುವುದು ನನಗೆ ಸುಲಭ. ಆದರೆ ಹಾಗನ್ನುವುದಿಲ್ಲ. 30 ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸ್ನಾಯು ಸುಮಾರು ಶೇ. 3ರಿಂದ 8ರಷ್ಟು ಕರಗುತ್ತದೆ. ಓಡುವುದು, ಬಗ್ಗುವುದು, ಜಗ್ಗುವುದು ನಿಂತರೆ ಇನ್ನೂ ಬೇಗ. ಆಟ ಬಿಟ್ಟವರು ಬಹುಪಾಲು ಸಂಜೆ ಹೊತ್ತು ಅರಳಿಕಟ್ಟೆ ಸೇರುತ್ತಾರೆ. ಐದಾರು ವರ್ಷಕ್ಕೆ ಅವರೇ ಮಂಡಿನೋವು ಹೇಳಿಕೊಂಡು ನನ್ನಲ್ಲಿಗೆ ಬರುತ್ತಾರೆ. ಆಟಗಾರ ಉಳಿಯಲಿ, ನಿಯಮ ಬದಲಾಗಲಿ ಎನ್ನುವುದು ನನ್ನ ವಾದ.

ಈ ಯೋಚನೆ ಬಂದದ್ದು ರಗ್ಬಿಯಿಂದ. ನಮ್ಮ ಕಡೆ ಅದನ್ನು ಆಡುವವರು ವಿರಳ. ಆದರೂ ಕಬಡ್ಡಿಗೆ ಅದು ದೂರದ ನೆಂಟನಂತೆ: ನುಗ್ಗಿ ಬಂದವನನ್ನು ಹಿಡಿದು ಕೆಡವುವುದು ಎರಡಕ್ಕೂ ಜೀವಾಳ. 1948ರಲ್ಲಿ ಟೋಕಿಯೋದಲ್ಲಿ 40 ದಾಟಿದವರಿಗೆಂದೇ ಒಂದು ರಗ್ಬಿ ಕ್ಲಬ್ ಹುಟ್ಟಿತು. ಹೆಸರು ಫುವಾಕು. ನಲವತ್ತಕ್ಕೆ ಮನಸ್ಸಿನ ಗೊಂದಲ ಕಳೆಯಿತು ಎಂಬ ಕನ್‌ಫ್ಯೂಷಿಯಸ್‌ನ ಮಾತಿನಿಂದ ಬಂದ ಹೆಸರದು. ಅಲ್ಲಿ ಚಡ್ಡಿ ನೋಡಿದರೆ ವಯಸ್ಸು ಗೊತ್ತಾಗುತ್ತದೆ. ನಲವತ್ತರವರಿಗೆ ಬಿಳಿ, ಐವತ್ತಕ್ಕೆ ಕಡುನೀಲಿ, ಅರವತ್ತಕ್ಕೆ ಕೆಂಪು, ಎಪ್ಪತ್ತಕ್ಕೆ ಹಳದಿ, ಎಂಬತ್ತಕ್ಕೆ ನೇರಳೆ, ತೊಂಬತ್ತಕ್ಕೆ ಬಂಗಾರದ ಬಣ್ಣ. ಮುಂದೆ 1979ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ 'ಗೋಲ್ಡನ್ ಓಲ್ಡೀಸ್' ಎಂಬ ಹಿರಿಯರ ರಗ್ಬಿ ಉತ್ಸವ ಮೊದಲಾಯಿತು. ಈ ಬಗೆಯ ಆಟದಲ್ಲಿ ಕೆಂಪು ಚಡ್ಡಿಯವರನ್ನು ಹಿಡಿದು ನಿಲ್ಲಿಸಬಹುದು, ನೆಲಕ್ಕೆ ಕೆಡವುವಂತಿಲ್ಲ. ಎರಡೂ ತಂಡದವರು ತಲೆತಗ್ಗಿಸಿ ಹೆಗಲಿಗೆ ಹೆಗಲು ಕೊಟ್ಟು ಒತ್ತುವ 'ಸ್ಕ್ರಮ್' ಇದೆಯಲ್ಲ, ಅದನ್ನು ಕಟ್ಟುತ್ತಾರೆ, ಆದರೆ ಒತ್ತುವುದಿಲ್ಲ. ಕುತ್ತಿಗೆ ಉಳಿಯುವುದು ಅದರಿಂದಲೇ.

ಬಣ್ಣದ ಈ ಏರ್ಪಾಡಿನ ಜಾಣತನವನ್ನು ಕೊಂಚ ಬಿಡಿಸಿ ಹೇಳಬೇಕು. ಸೀಟಿ ಊದಿದ ಕೂಡಲೇ 58ರವರಿಗೂ ತಾನು 25ರವನೇ ಅನ್ನಿಸುತ್ತದೆ. ಅವರ ಸಂಯಮವನ್ನು ನಂಬಿ ಆಟ ಆಡಿಸಲಾಗದು. ಅದಕ್ಕೇ ಹೊಣೆಯನ್ನು ಹಿಡಿಯುವವನ ಮೇಲೆ ಹಾಕಿದ್ದಾರೆ. ಇನ್ನೊಂದು, ಹಿಡಿಯುವವನು ಎದುರಾಳಿಯ ಮುಖ ನೋಡುವುದಿಲ್ಲ, ಅವನ ಕಣ್ಣು ಸೊಂಟ, ತೊಡೆಯ ಮೇಲಿರುತ್ತದೆ. ತೋಳಿಗೆ ಪಟ್ಟಿ ಕಟ್ಟಿದರೆ ಅದು ಕಾಣಿಸುವ ಹೊತ್ತಿಗೆ ಕೈ ಬಿದ್ದಾಗಿರುತ್ತದೆ. ಚಡ್ಡಿಯ ಬಣ್ಣ ನೋಟ ಬೀಳುವ ಕಡೆಯೇ ಇದೆ.

ಈ ವರ್ಷ ಎರಡು ಊರಿನ ಹಿರಿಯರನ್ನು ಕೂರಿಸಿಕೊಂಡು ಇದನ್ನೇ ಕಬಡ್ಡಿಗೆ ಹೊಂದಿಸಿದೆವು. ಎದೆಯಿಂದ, ಹೆಗಲಿನಿಂದ ಗುದ್ದಿ ಗೆರೆ ದಾಟಿಸುವ ಡ್ಯಾಶ್ ಯಾರಿಗೂ ಇಲ್ಲ. ಕೆಂಪು ಚಡ್ಡಿಯವರು ರೈಡ್‌ಗೆ ಬಂದರೆ ಸೊಂಟಕ್ಕೆ ಕೈ ಹಾಕಿ ನಿಲ್ಲಿಸಬೇಕು. ಅಂಪೈರ್ 'ಒಂದು, ಎರಡು, ಮೂರು' ಎಣಿಸುವಷ್ಟು ಹೊತ್ತು ಹಿಡಿತ ನಿಂತರೆ ರೈಡರ್ ಔಟ್. ಬಿದ್ದು ಹೊರಳಾಡಿ ಗೆರೆ ಮುಟ್ಟುವ ಸೆಣಸಾಟವೇ ಇಲ್ಲ. ಇದಕ್ಕೆ ಇನ್ನೊಂದು ಕಾರಣವೂ ಇದೆ: ಉಸಿರು ಬಿಗಿಹಿಡಿದು ಮುಕ್ಕರಿಯುವಾಗ ರಕ್ತದೊತ್ತಡ ದಿಢೀರನೆ ಏರುತ್ತದೆ. ರೈಡ್ 30 ಸೆಕೆಂಡಿನ ಬದಲು 20. ಗಂಡಸರ ಪಂದ್ಯದ 40 ನಿಮಿಷದ ಬದಲು ಏಳು ನಿಮಿಷದ ನಾಲ್ಕು ಭಾಗ ಮಾಡಿದೆವು, ಸುಸ್ತಾದವರು ಯಾವಾಗ ಬೇಕಾದರೂ ಆಚೆ ಬಂದು ಮತ್ತೆ ಒಳಗೆ ಹೋಗಬಹುದು. ಪಂದ್ಯಕ್ಕೆ ಮುಂಚೆ ಕಾಲು ಗಂಟೆ ಮೈ ಬಿಸಿ ಮಾಡಿಕೊಳ್ಳದವರಿಗೆ ಅಂಕಣದೊಳಗೆ ಪ್ರವೇಶವಿಲ್ಲ.

ಜಪಾನಿನವರಿಗೆ ಬೇಡದ ಒಂದು ಪರೀಕ್ಷೆ ನಮಗೆ ಬೇಕು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಸೀಮೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಆ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನುಮೂಳೆಯ ಸುತ್ತಲಿನ ತಂತುಗಳು ಸುಣ್ಣಗಟ್ಟಿ ಬಿರುಸಾಗುತ್ತವೆ, ನರದ ಬಳ್ಳಿ ಹಾದುಹೋಗುವ ದಾರಿ ಇಕ್ಕಟ್ಟಾಗುತ್ತದೆ. ಹೊರಗಿನಿಂದ ನೋಡಿದರೆ ಆಳು ಗಟ್ಟಿಮುಟ್ಟು. ಆದರೆ ಅಂಥ ಕುತ್ತಿಗೆ ಒಮ್ಮೆ ಜೋರಾಗಿ ಹಿಂದಕ್ಕೋ ಮುಂದಕ್ಕೋ ಜಗ್ಗಿದರೆ ಕೈಕಾಲಿನ ಸ್ವಾಧೀನವೇ ತಪ್ಪಬಹುದು. ಹಾಗಾಗಿ ಮೂರು ಸರಳ ಪರೀಕ್ಷೆ ಮಾಡಿಸುತ್ತೇನೆ. ಗದ್ದ ಎದೆಗೆ ಮುಟ್ಟಬೇಕು. ಎರಡೂ ಕೈ ತಲೆಯ ಹಿಂದೆ ಹೋಗಬೇಕು. ಮಂಡಿ ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಬೇಕು. ಮೂರನೆಯದು ತಪ್ಪಿದರೆ ತೊಡೆಯ ಹಿಂಭಾಗದ ಬಿಗಿತವೂ ಇರಬಹುದು, ವ್ಯಾಯಾಮ ಕೊಡುತ್ತೇನೆ. ಗದ್ದ ಎದೆಗೆ ಮುಟ್ಟದವರಿಗೆ ಮಾತ್ರ ರಾಜಿ ಇಲ್ಲ, ಎಕ್ಸ್‌ರೇ ಆಗಿ ಮೂಳೆ ಡಾಕ್ಟರು ನೋಡುವ ತನಕ ಅಂಕಣಕ್ಕೆ ಇಳಿಯುವಂತಿಲ್ಲ. ಒಬ್ಬರು ಸಿಟ್ಟಾಗಿ ಎದ್ದುಹೋದರು. ಮಾರನೆಯ ವಾರ ಅವರ ಹೆಂಡತಿ ಫೋನ್ ಮಾಡಿ, "ರಾತ್ರಿ ಕೈ ಜೋಮು ಹಿಡಿಯುತ್ತೆ ಅಂತಿದ್ರು ಸಾರ್, ನಿಮ್ಮ ಹತ್ರ ಹೇಳಿರ್ಲಿಲ್ಲ" ಅಂದರು.

ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಹಿಡಿದಾಡುವ ಆಟಕ್ಕೆ ಬರುವುದೇ ಬೇಡ. ವಯಸ್ಸಾದಂತೆ ಮಿದುಳು ಕೊಂಚ ಕುಗ್ಗಿ, ಅದರ ಮೇಲಿನ ಸಣ್ಣ ರಕ್ತನಾಳಗಳು ಎಳೆದ ದಾರದಂತಿರುತ್ತವೆ. ಸಣ್ಣ ಪೆಟ್ಟಿಗೂ ಒಸರಿ, ವಾರಗಳ ಮೇಲೆ ತಲೆನೋವು, ಮಂಪರು, ತಡವರಿಸುವ ನಡಿಗೆಯಾಗಿ ಕಾಣಿಸಿಕೊಳ್ಳಬಹುದು. ಮಾತ್ರೆ ಇರಲಿ ಬಿಡಲಿ, ತಲೆಗೆ ಪೆಟ್ಟು ಬಿದ್ದವರಿಗೆ ಆ ದಿನದ ಆಟ ಮುಗಿಯಿತು, ಮನೆಯವರಿಗೂ ಈ ಲಕ್ಷಣಗಳನ್ನು ಹೇಳಿ ಕಳಿಸಬೇಕು. ಸಕ್ಕರೆ ಕಾಯಿಲೆಯವರಿಗೆ ಬರಿಗಾಲಿನ ಆಟ ಬೇಡ. ಪಾದದ ಸ್ಪರ್ಶ ಕಮ್ಮಿಯಾಗಿದ್ದರೆ ಮುಳ್ಳು ಹೊಕ್ಕದ್ದೂ ತಿಳಿಯುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರ ಹೆಸರು ಅಂಪೈರ್ ಬಳಿ ಇರಲಿ, ಪಕ್ಕದಲ್ಲಿ ಒಂದು ಅಚ್ಚು ಬೆಲ್ಲ ಇರಲಿ. ಯಾರಿಗಾದರೂ ಎದೆ ಹಿಡಿದುಕೊಂಡರೆ 108ಕ್ಕೆ ಫೋನ್ ಮಾಡುವವರು ಯಾರು ಎಂದು ಮೊದಲೇ ಗೊತ್ತುಮಾಡಿ. ಕುಸಿದು ಪ್ರಜ್ಞೆ ತಪ್ಪಿ ಉಸಿರು ನಿಂತರೆ ಎದೆ ಒತ್ತುವವರು ಬೇಕು, ನಿಮಿಷಕ್ಕೆ 100ರಿಂದ 120 ಸಲ. ಅದನ್ನು ಊರಿನ ನಾಲ್ಕು ಹುಡುಗರಿಗೆ ಕಲಿಸಲು ಒಂದು ಮಧ್ಯಾಹ್ನ ಸಾಕು.

ಕೆಂಪು ಚಡ್ಡಿ ಯಾವ ವಯಸ್ಸಿಗೆ ಎಂಬುದು ನಮ್ಮಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಜಪಾನಿನಂತೆ 60 ಅನ್ನುವುದು ಒಂದು ಊರಿನವರ ಪಟ್ಟು. ಬಿಸಿಲಲ್ಲಿ ದುಡಿದು, ಆ ನೀರು ಕುಡಿದ ಮೈಗಳಿಗೆ 50 ಸರಿ ಎಂದು ನಾನು. ಪಾವಗಡದ ಆ ರೈತರು ಈಗ ಸಣ್ಣಗೆ ಓಡುತ್ತಿದ್ದಾರೆ, ಒಂಟಿಕಾಲಲ್ಲಿ ಹಿಮ್ಮಡಿ ಎತ್ತುವುದು ಹನ್ನೆರಡಕ್ಕೆ ಬಂದಿದೆ. ಇಪ್ಪತ್ತೈದಾದರೆ ಅಂಕಣಕ್ಕೆ ಬಿಡುತ್ತೇನೆ ಅಂದಿದ್ದೇನೆ. ಯಾವ ಬಣ್ಣದ ಚಡ್ಡಿ ಹೊಲಿಸಲಿ ಎಂದು ಅವರು ಕೇಳಿಯಾಗಿದೆ.