500 ಡೈರೆಕ್ಟರಿಗೆ ಹೆಸರು ಕೊಟ್ಟರೆ ಅಂಗಡಿ ಗೂಗಲ್‌ನಲ್ಲಿ ಮೇಲೆ ಬರುತ್ತಾ?

ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಬಟ್ಟೆ ಅಂಗಡಿ ಇರುವ ಗೆಳೆಯರೊಬ್ಬರು ಮೊನ್ನೆ ಒಂದು ವಾಟ್ಸಾಪ್ ಮೆಸೇಜ್ ತೋರಿಸಿದರು. 'ನಿಮ್ಮ ವೆಬ್‌ಸೈಟನ್ನು 500 ಡೈರೆಕ್ಟರಿಗಳಿಗೆ ಸೇರಿಸುತ್ತೇವೆ, ಗೂಗಲ್‌ನ ಮೊದಲ ಪುಟಕ್ಕೆ ಬರುತ್ತೀರಿ' ಎಂದಿತ್ತು. "ರೊಕ್ಕ ಕೊಡ್ಲೇನ್ರೀ?" ಎಂದು ಕೇಳಿದರು. ಬೇಡ ಎಂದೆ. "ಹಂಗಾದ್ರ ಇದು ಸುಳ್ಳೇನ್ರೀ?" ಎಂದರು. ಈಗ ಸುಳ್ಳು. ಒಂದು ಕಾಲದಲ್ಲಿ ನಿಜವಾಗಿತ್ತು.

1994ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಜೆರ್ರಿ ಯಾಂಗ್ ಮತ್ತು ಡೇವಿಡ್ ಫೈಲೊ ವೆಬ್‌ಸೈಟುಗಳ ಪಟ್ಟಿ, ಅಂದರೆ ಡೈರೆಕ್ಟರಿ, ಮಾಡತೊಡಗಿದರು. ಅದೇ ಮುಂದೆ ಯಾಹೂ ಆಯಿತು. ಲ್ಯಾಂಡ್‌ಲೈನ್ ಪಕ್ಕದಲ್ಲಿ ದಪ್ಪನೆಯ ಟೆಲಿಫೋನ್ ಡೈರೆಕ್ಟರಿ ಇರುತ್ತಿತ್ತಲ್ವಾ, ಹಾಗೇ. ಮನುಷ್ಯರೇ ಕೂತು ಒಂದೊಂದೇ ಸೈಟ್ ನೋಡಿ, ಅದು ಯಾವ ವಿಭಾಗಕ್ಕೆ ಸೇರಬೇಕೆಂದು ತೀರ್ಮಾನಿಸುತ್ತಿದ್ದರು. 1998ರಲ್ಲಿ ಶುರುವಾದ ಡಿಮಾಜ್ ಎಂಬ ಡೈರೆಕ್ಟರಿಯನ್ನು ಸ್ವಯಂಸೇವಕರೇ ನಡೆಸಿದರು. ಅಲ್ಲಿ ದುಡ್ಡು ಕೊಡಬೇಕಿರಲಿಲ್ಲ, ಆದರೆ ಕಾಯಬೇಕಿತ್ತು. ಯಾಹೂ ಮಾತ್ರ ವ್ಯಾಪಾರದ ಸೈಟುಗಳಿಂದ ವರ್ಷಕ್ಕೆ 299 ಡಾಲರ್ ತೆಗೆದುಕೊಳ್ಳತೊಡಗಿತು.

ಅದೇ 1998ರಲ್ಲಿ ಗೂಗಲ್ ಬಂತು. ಒಂದು ಸೈಟಿನಿಂದ ಇನ್ನೊಂದಕ್ಕೆ ಲಿಂಕ್ ಇದ್ದರೆ ಅದನ್ನು ಗೂಗಲ್ ಶಿಫಾರಸು ಎಂದು ಲೆಕ್ಕ ಹಿಡಿಯಿತು. ಊರಿಗೆ ಹೊಸ ಡಾಕ್ಟರ್ ಬಂದರೆ ನಾವು ನಾಲ್ಕು ಜನರನ್ನು ಕೇಳುತ್ತೇವೆ, ಅದರಲ್ಲೂ ತಿಳಿದವರ ಮಾತಿಗೆ ತೂಕ ಜಾಸ್ತಿ. ಯಾಹೂ, ಡಿಮಾಜ್ ಆ ತಿಳಿದವರ ಸಾಲಿನಲ್ಲಿದ್ದವು. 2000ರಲ್ಲಿ ಗೂಗಲ್ ತನ್ನದೇ ಡೈರೆಕ್ಟರಿ ತೆರೆದಾಗ ಅದಕ್ಕೂ ಡಿಮಾಜ್ ಪಟ್ಟಿಯನ್ನೇ ಬಳಸಿತು. ಅಲ್ಲಿ ಹೆಸರು ಸೇರಿದರೆ ನಿಜಕ್ಕೂ ಲಾಭವಿತ್ತು.

ಕೆಟ್ಟಿದ್ದು ಇಲ್ಲಿಂದಲೇ. ಲಿಂಕಿಗೆ ಬೆಲೆ ಇದೆ ಎಂದು ಗೊತ್ತಾದ ಮೇಲೆ ಲಿಂಕ್ ಕೊಡುವುದಕ್ಕೆಂದೇ ಡೈರೆಕ್ಟರಿಗಳು ಹುಟ್ಟಿದವು. ಯಾರೂ ಪರೀಕ್ಷಿಸುತ್ತಿರಲಿಲ್ಲ, ಯಾರೂ ಓದುತ್ತಿರಲಿಲ್ಲ. ಒಂದು ಸಾಫ್ಟ್‌ವೇರ್ ಓಡಿಸಿದರೆ ನೂರಾರು ಕಡೆ ಫಾರಂ ತಾನೇ ತುಂಬುತ್ತಿತ್ತು. ಜನರಿಗೆ ದಾರಿ ತೋರಿಸಲು ಹುಟ್ಟಿದ ಪಟ್ಟಿಯನ್ನು ಜನರೇ ನೋಡದ ಹಾಗೆ ಮಾಡಿಬಿಟ್ಟರು. ನನಗೆ ಬೇಜಾರಾಗುವುದು ಇದಕ್ಕೇ.

2012ರ ಏಪ್ರಿಲ್‌ನಲ್ಲಿ ಗೂಗಲ್ 'ಪೆಂಗ್ವಿನ್' ಎಂಬ ಬದಲಾವಣೆ ತಂದಿತು. ಇಂಥ ಲಿಂಕ್‌ಗಳ ಮೇಲೆ ನಿಂತಿದ್ದ ಸೈಟುಗಳು ಕೆಳಕ್ಕೆ ಜಾರಿದವು. ದುಡ್ಡು ಕೊಟ್ಟು ಲಿಂಕ್ ಹಾಕಿಸಿಕೊಂಡವರೇ 'ದಯವಿಟ್ಟು ತೆಗೆಯಿರಿ' ಎಂದು ಬೇಡಿಕೊಳ್ಳುವ ಹಾಗಾಯಿತು. ಬೇಡದ ಲಿಂಕ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಹೇಳಲು ಅದೇ ಅಕ್ಟೋಬರ್‌ನಲ್ಲಿ ಗೂಗಲ್ ಒಂದು ಸೌಲಭ್ಯವನ್ನೇ ಕೊಟ್ಟಿತು. ಗೂಗಲ್‌ನ ಡೈರೆಕ್ಟರಿ 2011ರಲ್ಲೇ ಮುಚ್ಚಿತ್ತು. ಯಾಹೂದ್ದು 2014ರ ಕೊನೆಗೆ, ಡಿಮಾಜ್ 2017ರ ಮಾರ್ಚ್‌ನಲ್ಲಿ ಮುಚ್ಚಿದವು.

ಹಾಗಂತ ಎಲ್ಲ ಪಟ್ಟಿಗಳೂ ದಂಡವಲ್ಲ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗೆ ಮಾರುವವರ ಪಟ್ಟಿ ಇರುವ ಇಂಡಿಯಾಮಾರ್ಟ್ ಸೈಟಿನಲ್ಲಿ ಹೆಸರಿದ್ದರೆ ದೂರದ ಊರಿನವರು ಅಲ್ಲೇ ನೋಡಿ ಫೋನ್ ಮಾಡಬಹುದು. ಹುಬ್ಬಳ್ಳಿಯ ಅಂಗಡಿಗೆ ಮೊದಲು ಬೇಕಾದದ್ದು ಗೂಗಲ್‌ನ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ಹುಡುಕಾಟದಲ್ಲೂ ಮ್ಯಾಪ್‌ನಲ್ಲೂ ಕಾಣುವ ಅಂಗಡಿಯ ವಿವರ. ಅದು ಪುಕ್ಕಟೆ. ಅಲ್ಲಿ ಯಾರು ಮೇಲೆ ಬರಬೇಕೆಂದು ಗೂಗಲ್ ಮುಖ್ಯವಾಗಿ ಮೂರು ವಿಷಯ ನೋಡುತ್ತದೆ. ಹುಡುಕಿದ್ದಕ್ಕೆ ಅಂಗಡಿ ಎಷ್ಟು ಹೊಂದುತ್ತದೆ, ಎಷ್ಟು ಹತ್ತಿರದಲ್ಲಿದೆ, ಎಷ್ಟು ಹೆಸರು ಮಾಡಿದೆ. ಗೂಗಲ್‌ಗೂ ಗಿರಾಕಿಗೂ ಗೊಂದಲವಾಗದ ಹಾಗೆ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಕಡೆ ಒಂದೇ ಥರ ಇರಬೇಕು.

ಗೆಳೆಯರ ಅಂಗಡಿಯ ಹೆಸರು ಹುಡುಕಿದೆವು. ಒಂದು ಕಡೆ ಊರು 'ಹುಬ್ಳಿ' ಎಂದೇ ಇತ್ತು. ಸರ್ಕಾರ 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ 'ಹುಬ್ಬಳ್ಳಿ' ಎಂದು ಬರೆಯುವ ಹಾಗೆ ಮಾಡಿದರೂ ಆ ಪಟ್ಟಿ ಬದಲಾಗಿರಲಿಲ್ಲ. ಅದು ದೊಡ್ಡ ತಪ್ಪಲ್ಲ ಬಿಡಿ, ಜನರಿಗೆ ಅರ್ಥವಾಗುತ್ತದೆ. ಆದರೆ ಅದರ ಕೆಳಗೆ 0836ರಿಂದ ಶುರುವಾಗುವ ಲ್ಯಾಂಡ್‌ಲೈನ್ ನಂಬರ್ ಇತ್ತು. ಆ ಫೋನ್ ತೆಗೆಸಿ ಎಷ್ಟೋ ವರ್ಷವಾಗಿದೆ. ಮ್ಯಾಪ್‌ನಲ್ಲಿ ಅಂಗಡಿಯ ಗುರುತು ಹಿಂದಿನ ಓಣಿಯಲ್ಲಿತ್ತು.

ಅಲ್ಲೇ ಗಲ್ಲಾದ ಪಕ್ಕ ಕೂತು ಮೊಬೈಲ್ ನಂಬರ್ ಹಾಕಿದೆವು, ಗುರುತನ್ನು ಬಾಗಿಲಿನ ಮುಂದಕ್ಕೆ ಸರಿಸಿದೆವು. ಹೊರಗೆ ಬಂದು ಬೋರ್ಡು, ಬಾಗಿಲು ಎರಡೂ ಕಾಣುವ ಹಾಗೆ ಒಂದು ಫೋಟೋ ತೆಗೆದು ಸೇರಿಸಿದೆವು. ವಾಟ್ಸಾಪ್ ಮೆಸೇಜನ್ನು ಅವರು ಆಗಲೇ ಡಿಲೀಟ್ ಮಾಡಿದ್ದರು.